ಬೀರುವಿನ ಬೀಗ, ಊಟದ ಬಿಡುವು

ಅಕ್ಕನ ಮಗ ಈ ವರ್ಷ ಹೊಸ ಹೈಸ್ಕೂಲಿಗೆ ಸೇರಿದ್ದಾನೆ. ಮೊನ್ನೆ ಏನೋ ಕೆಲಸಕ್ಕೆ ಹೋದವನು ಲೈಬ್ರರಿ ಎಲ್ಲಿ ಅಂತ ಕೇಳಿದೆ. ಹೆಡ್‌ಮಾಸ್ಟರ ಕೋಣೆಯ ಕಬ್ಬಿಣದ ಬೀರು ತೋರಿಸಿದರು. ಬೀಗ ಹಾಕಿತ್ತು. ಬೀಗದ ಕೈ ಇದ್ದ ಟೀಚರು ರಜೆ. "ಒಂದು ಪುಸ್ತಕ ಕಳೆದರೂ ನಾವೇ ಲೆಕ್ಕ ಕೊಡಬೇಕು ಸಾರ್" ಅಂದರು. ಪಾಪ, ಅವರ ಭಯ ಸುಳ್ಳೇನಲ್ಲ.

ನನಗೆ ನನ್ನ ಎಂಟನೇ ಕ್ಲಾಸು ನೆನಪಾಯಿತು. ನಾನೂ ಹೊಸಬ. ಆಟ ಬರುತ್ತಿರಲಿಲ್ಲ. ಕಬಡ್ಡಿಗೆ ಟೀಮು ಮಾಡುವಾಗ ಕೊನೆಗೆ ಉಳಿಯುವವನು ನಾನೇ. ಊಟ ಹತ್ತು ನಿಮಿಷಕ್ಕೆ ಮುಗಿದುಬಿಡುತ್ತದೆ, ಆಮೇಲೆ? ನಲ್ಲಿ ಹತ್ತಿರ ಬೇಕಂತಲೇ ನಿಧಾನವಾಗಿ ಡಬ್ಬಿ ತೊಳೆಯುತ್ತಿದ್ದೆ. ಮೈದಾನದಲ್ಲಿ ಒಬ್ಬನೇ ನಿಂತವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಲೈಬ್ರರಿಯಲ್ಲಿ ಒಬ್ಬನೇ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ, ಓದುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಎಷ್ಟೋ ದಿನ ನಾನು ಒಂದೇ ಪುಟ ತೆರೆದಿಟ್ಟು ಕೂತಿದ್ದೆ, ಆ ಮಾತು ಬೇರೆ!

ಪುಸ್ತಕದ ಹಿಂದಿನ ರಟ್ಟಿಗೆ ಒಂದು ಚೀಟಿ ಅಂಟಿಸಿರುತ್ತಿದ್ದರು. ತಾರೀಖು, ಪಕ್ಕದಲ್ಲಿ ತಗೊಂಡವರ ಹೆಸರು. ಪತ್ತೇದಾರಿ ಕಾದಂಬರಿ ಯಾವುದು ತೆಗೆದರೂ ನನಗಿಂತ ಮೊದಲು ಅದೇ ಒಂದು ಹೆಸರು. ಒಂಬತ್ತನೇ ಕ್ಲಾಸಿನ ಹುಡುಗಿ. ನಮ್ಮ ಶಾಲೆಯಲ್ಲಿ ಹುಡುಗ ಹುಡುಗಿ ಮಾತಾಡಿದರೆ ಸಂಜೆಯೊಳಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಇಬ್ಬರ ಹೆಸರೂ ಬರುತ್ತಿತ್ತು. ಲೈಬ್ರರಿಗೆ ಮಾತ್ರ ಅದರಿಂದ ಮಾಫಿ. "ಆ ಪುಸ್ತಕ ವಾಪಸ್ ತಂದ್ಯಾ?" ಅನ್ನೋದನ್ನು ಯಾರೂ ಮಾತು ಅಂತ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವಳಿಗೊಂದು ಕೆಟ್ಟ ಚಟ. ನಾನು ಅರ್ಧ ಓದಿದಾಗ ಕೊಲೆಗಾರ ಯಾರು ಅಂತ ಹೇಳಿಬಿಡುವುದು. ಆ ಜಗಳದಿಂದಲೇ ಐದು ಜನರ ಒಂದು ಗುಂಪಾಯಿತು. ಅದರಲ್ಲಿ ರ‍್ಯಾಂಕಿನವನೂ ಇದ್ದ, ಎರಡು ಸಲ ಫೇಲಾದವನೂ ಇದ್ದ. ಕ್ಲಾಸಿನಲ್ಲಾಗಿದ್ದರೆ ಅವರಿಬ್ಬರೂ ಒಂದೇ ಬೆಂಚಲ್ಲಿ ಕೂರುತ್ತಿರಲಿಲ್ಲ.

ಅದಕ್ಕೇ "ಮೌನವಾಗಿರಿ" ಅನ್ನೋ ಬೋರ್ಡು ಕಂಡರೆ ನನಗೆ ಸಿಟ್ಟು. ದೊಡ್ಡವರ ಲೈಬ್ರರಿಯಲ್ಲಿ ಇರಲಿ ಬಿಡಿ. ಶಾಲೆಯಲ್ಲಿ ಯಾಕೆ? ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಪರವಾಗಿಲ್ಲ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳನ್ನು ಕರೆದು ಸದಸ್ಯರನ್ನಾಗಿ ಮಾಡಿಕೊಂಡರು. ಕೆಲವು ಕಡೆ ಚೆಸ್ ಬೋರ್ಡೂ ಇದೆ.

ಶಾಲೆಗಳಿಗೆ ಕಾನೂನು ಇಲ್ಲ ಅಂತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು, ಅಲ್ಲಿ ಪೇಪರು, ಕಥೆಪುಸ್ತಕ ಎಲ್ಲಾ ಇರಬೇಕು ಅನ್ನುತ್ತದೆ. ಸರ್ಕಾರಿ ಶಾಲೆಗಳಿಗೆ 'ಸಮಗ್ರ ಶಿಕ್ಷಣ' ಅನ್ನೋ ಸರ್ಕಾರಿ ಯೋಜನೆಯಿಂದ ಪುಸ್ತಕಕ್ಕೆ ದುಡ್ಡೂ ಬರುತ್ತದೆ. ಆದರೆ ಬೀರುವಿನೊಳಗೆ ಮಕ್ಕಳು ಕೂರಕ್ಕಾಗುತ್ತಾ? ಪುಸ್ತಕ ಇರುವುದೇ ಬಳಸುವುದಕ್ಕೆ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಲೈಬ್ರರಿಗಳ ಬಗೆಗಿನ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಬರೆದಿಟ್ಟಿದ್ದರು. ಕೊನೆಗಾಲದಲ್ಲಿ ಅವರಿದ್ದದ್ದು ನಮ್ಮ ಬೆಂಗಳೂರಲ್ಲೇ. ಕಳೆದರೆ ಒಂದೆರಡು ಪುಸ್ತಕ ಕಳೆಯಲಿ, ಟೀಚರ್ ತಲೆಗೆ ಕಟ್ಟಬೇಡಿ. ಒಂದು ಖಾಲಿ ಕೋಣೆ, ಎರಡು ಚಾಪೆ, ಊಟದ ಬಿಡುವಿನಲ್ಲಿ ತೆರೆದ ಬಾಗಿಲು. ನಾನು ಕೇಳುವುದು ಇಷ್ಟೇ.

ವಾಪಸ್ ಬರುವಾಗ ಬೈಕಲ್ಲಿ ಅಳಿಯನನ್ನು ಕೇಳಿದೆ, ಊಟ ಆದಮೇಲೆ ಏನೋ ಮಾಡ್ತೀಯ ಅಂತ.

"ಏನಿಲ್ಲ ಮಾಮ. ಡಬ್ಬಿ ತೊಳೀತೀನಿ."