35 ಲಕ್ಷದ ಪಿಕಪ್‌ಗೆ ಕೋಳಿಗೊಬ್ಬರ ತುಂಬ್ತೀರಾ?

ಎರಡು ತಿಂಗಳ ಹಿಂದೆ ನಾನೊಂದು ಹೊಸ ಪಿಕಪ್ ಬುಕ್ ಮಾಡಿದ್ದೆ. ಹದಿನೆಂಟನೇ ದಿನಕ್ಕೆ ಕ್ಯಾನ್ಸಲ್ ಮಾಡಿದೆ. ಬುಕ್ ಮಾಡಿದ ಸುದ್ದಿ ಊರೆಲ್ಲ ಹಬ್ಬಿತ್ತು, ಕ್ಯಾನ್ಸಲ್ ಮಾಡಿದ್ದು ಯಾರಿಗೂ ಗೊತ್ತಿಲ್ಲ. ನಮ್ಮ ಕೊಡಗಿನ ಸುಂಟಿಕೊಪ್ಪದಲ್ಲಿ ಟೀ ಕುಡಿಯಲು ನಿಂತರೂ "ಗಾಡಿ ಯಾವಾಗ ಬರುತ್ತೆ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಗಾಡಿಯದ್ದು ತಪ್ಪೇನಿಲ್ಲ, ಸುಮ್ನೆ ಅದಕ್ಕೆ ಯಾಕೆ ಕೆಟ್ಟ ಹೆಸರು? ಮುಂದೆ ಐದು ಜನ ಆರಾಮಾಗಿ ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ, ಫೋರ್ ವೀಲ್ ಡ್ರೈವ್, ಲೋ ಗೇರ್. ಈ ಜಾತಿಯ ಗಾಡಿಗಳು ನಿಮಗೆಲ್ಲ ಗೊತ್ತಿರುವವೇ. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೋಟಾ ಹೈಲಕ್ಸ್. ಈಗ ಮಡಿಕೇರಿಯಲ್ಲಿ ಯಾವ ಮದುವೆಗೆ ಹೋದರೂ ಕಲ್ಯಾಣ ಮಂಟಪದ ಹೊರಗೆ ಎರಡಾದರೂ ನಿಂತಿರುತ್ತವೆ. ನೋಡಿದರೆ ಯಾರಿಗಾದರೂ ಆಸೆ ಆಗುವಂಥದ್ದೇ. ನನಗೂ ಆಯ್ತು. ರಾತ್ರಿ ಊಟ ಆದಮೇಲೆ ಯೂಟ್ಯೂಬ್‌ನಲ್ಲಿ ಅದರ ವಿಡಿಯೋ ನೋಡಿ ನೋಡಿ ಟಾರ್ಕ್ ಎಷ್ಟು, ಎಷ್ಟು ಆಳದ ನೀರಿಗೆ ಇಳಿಯುತ್ತೆ ಎಲ್ಲ ಬಾಯಿಪಾಠ ಆಗಿತ್ತು. ಆಸೆ ಇದೆ ಅಂತ ಮನೆಯಲ್ಲಿ ಹೇಳಲು ನಾಚಿಕೆ. ನಮ್ಮದು ಕಾಫಿ ತೋಟ. ಅದಕ್ಕೆ "ತೋಟದ ಕೆಲಸಕ್ಕೆ ಬೇಕು" ಅಂದೆ.

ಎಡವಟ್ಟು ಆಗಿದ್ದೇ ಅಲ್ಲಿ.

ಮೊದಲು ದುಡ್ಡಿನ ವಿಷಯ. ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಎಷ್ಟೋ ವರ್ಷ 50 ಕೆ.ಜಿ. ಚೀಲಕ್ಕೆ ಮೂರೂವರೆ, ನಾಲ್ಕು ಸಾವಿರದ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. 2024ರಲ್ಲಿ 10,000 ದಾಟಿತು. ನಾವೇನೂ ಹೊಸದಾಗಿ ಮಾಡಿರಲಿಲ್ಲ. ಅದೇ ಗಿಡ, ಅದೇ ಗೊಬ್ಬರ, ಅದೇ ಕೊಳೆರೋಗ. ವಿಯೆಟ್ನಾಂನಲ್ಲಿ ಬರ ಬಂತು, ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿತು, ನಮ್ಮ ಕಣದಲ್ಲಿ ಒಣಗುತ್ತಿದ್ದ ಕಾಫಿಗೆ ಬೆಲೆ ಬಂತು. ಅಷ್ಟೇ. ಆದರೆ ಕೈಗೆ ದುಡ್ಡು ಬಂದಾಗ ಯಾರೂ ಹಾಗೆ ಯೋಚಿಸುವುದಿಲ್ಲ. ಇನ್ಮೇಲೆ ಹೀಗೇ ಅಂತ ಅನ್ನಿಸಿಬಿಡುತ್ತೆ.

ಶೋರೂಮ್‌ನವರು ಕೊಟ್ಟ ಕೊಟೇಶನ್ ಇನ್ನೂ ನನ್ನ ಹತ್ತಿರ ಇದೆ. ಶೋರೂಮ್ ಬೆಲೆ 28 ಲಕ್ಷ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಖಾಸಗಿ ಕಾರಿಗೆ ಆಜೀವ ತೆರಿಗೆ 18 ಪರ್ಸೆಂಟ್, ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. ಇದಕ್ಕೂ ಅದೇ ಲೆಕ್ಕ ಹಾಕಿ ತೆರಿಗೆಯೊಂದೇ ಐದೂವರೆ ಲಕ್ಷದ ಮೇಲೆ ತೋರಿಸಿದ್ದರು. ಆಮೇಲೆ ಇನ್ಶೂರೆನ್ಸ್, ಅದು, ಇದು. ಒಟ್ಟು 35 ಲಕ್ಷ. ಹತ್ತು ಲಕ್ಷ ಕೈಯಿಂದ ಹಾಕಿ 25 ಲಕ್ಷ ಸಾಲ ಮಾಡೋಣ ಅಂದುಕೊಂಡಿದ್ದೆ. ಶೇ. 9ರ ಬಡ್ಡಿ, ಏಳು ವರ್ಷ. ತಿಂಗಳ ಕಂತು 40,200.

ನನ್ನ ಹೆಂಡತಿ ಈ ಅಂಕಿ ನೋಡಿ ಏನೂ ಅನ್ನಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು, ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ವರ್ಷಕ್ಕೆ ನಾಲ್ಕು ಲಕ್ಷದ ಎಂಬತ್ತೆರಡು ಸಾವಿರ. ಆಮೇಲೆ ಕೇಳಿದಳು: "ಇದು ಎಷ್ಟು ಚೀಲ?"

ಚೀಲಕ್ಕೆ ಹತ್ತು ಸಾವಿರ ಇದ್ದರೆ 48 ಚೀಲ. ನಾಲ್ಕು ಸಾವಿರಕ್ಕೆ ಇಳಿದರೆ 120 ಚೀಲ. ನಮ್ಮದು ಹನ್ನೆರಡು ಎಕರೆ. ಒಳ್ಳೆ ವರ್ಷದಲ್ಲಿ ಇನ್ನೂರು ಚೀಲ ಚೆರಿ ಆಗುತ್ತೆ. ಹೂಮಳೆ ಕೈಕೊಟ್ಟರೆ ಅದೂ ಇಲ್ಲ. ಗೊಬ್ಬರ, ಗಿಡ ಸವರುವ ಕಪಾತು, ಕೊಯ್ಲಿನ ಕೂಲಿ ಎಲ್ಲ ಇದರಲ್ಲೇ ಹೋಗಬೇಕು. ಇನ್ನೂರರಲ್ಲಿ ನೂರಿಪ್ಪತ್ತು ಚೀಲ ಗಾಡಿ ತಿಂದರೆ ನಾವು ತಿನ್ನುವುದೇನು? ಇನ್ನೊಂದು ತಮಾಷೆ ಎಂದರೆ ಕಾಫಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಬ್ಯಾಂಕಿನವರು ಕೇಳುವುದು ಪ್ರತಿ ತಿಂಗಳು ಐದನೇ ತಾರೀಕು. ಆಗಸ್ಟ್ ಐದಕ್ಕೆ ಮಳೆ ನೋಡುತ್ತಾ ಕೂತವನ ಹತ್ತಿರ ನಲವತ್ತು ಸಾವಿರ ಎಲ್ಲಿಂದ ಬರಬೇಕು?

ಬೆಂಗಳೂರಿನಲ್ಲಿರುವ ನನ್ನ ಭಾವ ಫೋನ್ ಮಾಡಿ, "ಸವಕಳಿ ತೋರಿಸಿ ತೆರಿಗೆ ಉಳಿಸಬಹುದಲ್ಲಪ್ಪಾ" ಅಂದರು. ಗಾಡಿ ಹಳೆಯದಾದಂತೆ ಇಳಿಯುವ ಬೆಲೆಯನ್ನು ಖರ್ಚು ಅಂತ ತೋರಿಸುವುದು. ಅವರದು ಬಿಸಿನೆಸ್, ಅವರಿಗೆ ಸರಿ. ನಾನು ಚೆರಿ ಒಣಗಿಸಿ ಹಾಗೇ ಮಾರುವವನು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯಲ್ಲಿ ಉಳಿಸುವುದೇನನ್ನು? ಈ ಸಲಹೆ ನಂಬಿ ಗಾಡಿ ತೆಗೆದುಕೊಂಡವರನ್ನೂ ನೋಡಿದ್ದೇನೆ, ಹೆಸರು ಬೇಡ.

ಆದರೂ ನಾನು ಪೂರ್ತಿ ಬಗ್ಗಿರಲಿಲ್ಲ. ಬುಕಿಂಗ್ ಹಾಗೇ ಇತ್ತು. ಟೆಸ್ಟ್ ಡ್ರೈವ್‌ಗೆ ಗಾಡಿ ತೋಟಕ್ಕೇ ತನ್ನಿ ಅಂತ ಹೇಳಿದೆ. ಶೋರೂಮ್ ಹುಡುಗ ಒಳ್ಳೆಯವನು, ತಂದ. ಬಿಳಿ ಗಾಡಿ, ಫಳಫಳ ಹೊಳೆಯುತ್ತಿತ್ತು. ಗೇಟಿನಿಂದ ಮನೆವರೆಗೆ ಬಂದದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ನಮ್ಮ ಜೀಪಿನಲ್ಲಿ ಅದೇ ದಾರಿಯಲ್ಲಿ ಬಂದರೆ ಸೊಂಟದ ಒಂದೊಂದು ಮೂಳೆಯೂ ಹೆಸರು ಹೇಳುತ್ತೆ.

ಮನೆಯಿಂದ ಕೆಳಗೆ ಕೆರೆಯ ಹತ್ತಿರ ಒಂದು ತಿರುವಿದೆ. ಒಂದು ಕಡೆ ಎತ್ತರದ ಮಣ್ಣಿನ ದರೆ, ಇನ್ನೊಂದು ಕಡೆ ಕಾಫಿ ಗಿಡ, ಅದರಾಚೆ ಕೆರೆ. ಜೀಪ್ ಅಲ್ಲಿ ಒಂದೇ ಸಲಕ್ಕೆ ತಿರುಗುತ್ತೆ. ಈ ಗಾಡಿಯ ಉದ್ದ ಐದು ಮೀಟರಿನ ಮೇಲೆ. ಮೊದಲ ಸಲ ಮೂತಿ ದರೆಗೆ ಬಂತು. ರಿವರ್ಸ್ ತೆಗೆದೆ. ಹಿಂದೆ ಕ್ಯಾಮೆರಾ ಕುಯ್ ಕುಯ್ ಅನ್ನುತ್ತಿದೆ, ಪರದೆಯ ತುಂಬ ಬರೀ ಕಾಫಿ ಎಲೆ. ಮತ್ತೆ ಮುಂದೆ, ಮತ್ತೆ ಹಿಂದೆ. ನಾಲ್ಕನೇ ಸಲಕ್ಕೆ ತಿರುಗಿತು. ಆ ಹುಡುಗ ಹಿಡಿಕೆ ಬಿಟ್ಟಿರಲೇ ಇಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನಮ್ಮ ಕಡೆ ತೋಟದ ದಾರಿಯಲ್ಲಿ ಸಂಜೆ ಹೊತ್ತು ಎದುರಿಗೆ ಬರುವುದು ಯಾವಾಗಲೂ ದನವೇ ಆಗಿರುವುದಿಲ್ಲ. ಆನೆ ನಿಂತಿದ್ದರೆ ನನಗೆ ಬೇಕಾಗುವುದು ಇನ್ನೂರು ಕುದುರೆಯ ಶಕ್ತಿ ಅಲ್ಲ, ಒಂದೇ ಏಟಿಗೆ ಹಿಂದೆ ಹೋಗುವ ಗಾಡಿ.

ಮರಳಿ ಕಣಕ್ಕೆ ಬಂದೆವು. ಮೇಸ್ತ್ರಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ತೊಟ್ಟಿಯ ಬಾಗಿಲು ಇಳಿಸಿ ಗೇಣು ಹಾಕಿ ಅಳೆದ. ಐದಡಿಗೆ ಐದಡಿ, ಚಕ್ರದ ಉಬ್ಬು ಬೇರೆ ಒಳಗೇ ಇದೆ. "ಅಣ್ಣ, ಸ್ಪ್ರಿಂಕ್ಲರ್ ಪೈಪ್ ಎಲ್ಲಿಡೋದು?" ಅಂದ. ಇಪ್ಪತ್ತಡಿ ಪೈಪು. ಹಳೇ ಜೀಪಿಗೆ ಮೇಲೆ ಕಬ್ಬಿಣದ ಕ್ಯಾರಿಯರ್ ಬೆಸುಗೆ ಹಾಕಿಸಿದ್ದೇವೆ, ಹಗ್ಗ ಕಟ್ಟಿ ಎಸೆಯುತ್ತೇವೆ. ಈ ಬಿಳಿ ಟಾಪಿನ ಮೇಲೆ ಅಲ್ಯೂಮಿನಿಯಂ ಪೈಪು ಎಳೆದರೆ ಆಗುವ ಗೀರು ನನ್ನ ಎದೆಗೇ ಬಿದ್ದ ಹಾಗಾಯಿತು. ಅವನು ಅಷ್ಟಕ್ಕೆ ನಿಲ್ಲಿಸಲಿಲ್ಲ. ತೊಟ್ಟಿಯ ಕಪ್ಪು ಲೈನರ್ ಮೇಲೆ ಕೈಯಾಡಿಸುತ್ತಾ, ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲೇ ಕೇಳಿದ:

"ಇದಕ್ಕೆ ಕೋಳಿಗೊಬ್ಬರ ತುಂಬೋಕೆ ಬಿಡ್ತೀರಾ ಅಣ್ಣ?"

ನಾನು "ಹೂಂ, ಮತ್ತೆ?" ಅಂದೆ. ಅವನು ನಕ್ಕ. ನನಗೂ ಗೊತ್ತು, ಬಿಡುವುದಿಲ್ಲ. ಮೊದಲ ವರ್ಷ ಟಾರ್ಪಾಲ್ ಹಾಸುತ್ತೇನೆ. ಆಮೇಲೆ "ಗೊಬ್ಬರಕ್ಕೆ ಬಾಡಿಗೆ ಗಾಡಿ ಕರೆಸೋ" ಅನ್ನುತ್ತೇನೆ. ಆಮೇಲೆ ಚೆರಿ ಸಾಗಿಸಲೂ ಬಾಡಿಗೆ ಗಾಡಿಯೇ. ಕಡೆಗೆ 35 ಲಕ್ಷದ ಕೆಲಸದ ಗಾಡಿಯಲ್ಲಿ ನಾನು ಕುಶಾಲನಗರಕ್ಕೆ ಹೋಗಿ ತರಕಾರಿ ತರುತ್ತೇನೆ.

ಭಾರ ಹೊರುವುದೇ ಮುಖ್ಯ ಅಂದರೆ ಉತ್ತರ ನಮ್ಮ ಕಣ್ಣ ಮುಂದೆಯೇ ಓಡಾಡುತ್ತಿದೆ. ಬೊಲೆರೊ ಕ್ಯಾಂಪರ್‌ನಲ್ಲಿ ಐದು ಜನ ಕೂತು ಒಂದು ಟನ್ ಹಾಕಬಹುದು. ಬೊಲೆರೊ ಮ್ಯಾಕ್ಸ್ ಪಿಕಪ್‌ನ ದೊಡ್ಡ ಮಾದರಿಯಲ್ಲಿ ಎರಡು ಟನ್. ಬೆಲೆ ನಾನು ಬುಕ್ ಮಾಡಿದ್ದರ ಅರ್ಧವೂ ಇಲ್ಲ. ಅದನ್ನು ಮದುವೆಗೆ ತೆಗೆದುಕೊಂಡು ಹೋದರೆ ಕ್ಯಾಟರಿಂಗ್‌ನವನು ಅಂದುಕೊಂಡು ಹಿಂದಿನ ಗೇಟಿಗೆ ಕಳಿಸುತ್ತಾರೆ, ಅಷ್ಟೇ ತೊಂದರೆ.

ರಿಪೇರಿಯದ್ದೂ ಒಂದು ಮಾತಿದೆ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 (ಹೊಸ ಹೊಗೆ ನಿಯಮ) ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಆ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಆಗಾಗ ಹೈವೇಯಲ್ಲಿ ಒಂದಿಷ್ಟು ಹೊತ್ತು ಓಡಬೇಕು. ತೋಟದ ಗಾಡಿ ಏನು ಮಾಡುತ್ತೆ? ಮನೆಯಿಂದ ಕೆಲಸಗಾರರ ಲೈನ್ ಮನೆಗೆ, ಅಲ್ಲಿಂದ ಕಣಕ್ಕೆ. ದಿನಕ್ಕೆ ಇಪ್ಪತ್ತು ಸಲ ಸ್ಟಾರ್ಟ್, ಎಲ್ಲ ಸೇರಿ ಆರು ಕಿಲೋಮೀಟರ್, ಅದೂ ಫಸ್ಟ್, ಸೆಕೆಂಡ್ ಗೇರಿನಲ್ಲಿ. ಫಿಲ್ಟರ್ ಕಟ್ಟಿಕೊಂಡು ಲೈಟ್ ಬರುತ್ತೆ. ಆ ಲೈಟ್ ಆರಿಸಲು ಸುಮ್ನೆ ಹುಣಸೂರಿನವರೆಗೆ ಓಡಿಸಿಕೊಂಡು ಬರುವ ಒಬ್ಬ ಗೆಳೆಯ ನನಗಿದ್ದಾನೆ. ಸಂಸಾರ ಸಮೇತ ಹೋಗುತ್ತಾನೆ, ಮಸಾಲೆ ದೋಸೆ ತಿಂದು ಬರುತ್ತಾರೆ. ನಮ್ಮ ಜೀಪ್ ಕೆಟ್ಟರೆ ಸುಂಟಿಕೊಪ್ಪದ ಗ್ಯಾರೇಜಿನವರು ಸ್ಪಾನರ್ ಹಿಡಿದು ಬರುತ್ತಾರೆ. ಇದಕ್ಕೆ ಲ್ಯಾಪ್‌ಟಾಪ್ ಬೇಕು.

"ಆದರೆ ಮಳೆಗಾಲದಲ್ಲಿ ಏನಾದರೂ ಆದರೆ? ಕೊಡಗಿನಲ್ಲಿ ಗಟ್ಟಿ ಗಾಡಿ ಬೇಕಲ್ವಾ?" ಈ ಮಾತನ್ನು ನಾನೇ ನೂರು ಸಲ ಹೇಳಿದ್ದೇನೆ. ಹೆಂಡತಿಯ ಮುಂದೆ ನಾನು ಎಸೆದ ಕೊನೆಯ ಬಾಣವೂ ಅದೇ. ಅವಳು 2018 ನೆನಪಿಸಿದಳು.

ಆ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದ ಸುದ್ದಿ ಬಂದಾಗ ನಾನು ಜೀಪ್ ತೆಗೆದುಕೊಂಡು ಅಕ್ಕನ ಮನೆಗೆ ಹೊರಟಿದ್ದೆ. ಫೋರ್ ವೀಲ್, ಲೋ ಗೇರ್ ಎರಡೂ ಹಾಕಿ, ಕೆಸರಿನಲ್ಲಿ ಈಜುತ್ತಾ ಹೋದ ಹಾಗೆ ಹೋದೆ. ಒಂದು ತಿರುವಿನಲ್ಲಿ ನಿಂತೆ. ಮುಂದೆ ರಸ್ತೆ ಇರಲಿಲ್ಲ. ಕೆಟ್ಟಿತ್ತು ಅಂತಲ್ಲ, ಇರಲೇ ಇಲ್ಲ. ರಸ್ತೆ ಇದ್ದ ಜಾಗದಲ್ಲಿ ಕೆಂಪು ಮಣ್ಣು, ಬೇರು ಮೇಲಾದ ಸಿಲ್ವರ್ ಓಕ್, ಆಮೇಲೆ ಗಾಳಿ. ಜೀಪ್ ಅಲ್ಲೇ ಬಿಟ್ಟು ನಡೆದುಕೊಂಡೇ ಹೋದೆ. ಅಕ್ಕ, ಭಾವ, ಮಕ್ಕಳು ಆಗಲೇ ಬೇರೆ ದಾರಿಯಲ್ಲಿ ನಡೆದು ಮೇಲೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಆಧಾರ್ ಕಾರ್ಡು, ಪಹಣಿ. ಜೋಡುಪಾಲದ ಹತ್ತಿರ ಮಂಗಳೂರು ಹೈವೇಯೇ ಕುಸಿದು ಎಷ್ಟು ದಿನ ಬಂದ್ ಆಗಿತ್ತು ಅಂತ ನಿಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ 35 ಲಕ್ಷದ ಗಾಡಿಯೂ ಅದೇ ತಿರುವಿನಲ್ಲೇ ನಿಲ್ಲುತ್ತೆ.

ಉಳಿದ ದಿನಗಳ ಮಳೆಗೆ, ಕೆಸರಿಗೆ ಅಪ್ಪ ತೆಗೆದುಕೊಂಡ ಜೀಪ್ ಸಾಕಾಗಿದೆ. ಅದು ಬಂದದ್ದೂ ಇಂಥದ್ದೇ ಒಂದು ಕಾಲದಲ್ಲಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಸುಟ್ಟುಹೋಗಿ, ಇಲ್ಲಿ ಬೆಲೆ ಏರಿದಾಗ ಕೊಡಗಿನವರೆಲ್ಲ ಒಂದೊಂದು ಗಾಡಿ ತಂದರು. ಅಪ್ಪ ಜೀಪ್ ತಂದರು, ಪೂರ್ತಿ ನಗದು ಕೊಟ್ಟು. ದೊಡ್ಡಪ್ಪ ಆಗ ತಾನೇ ಬಂದಿದ್ದ ಒಂದು ವಿದೇಶಿ ಕಂಪನಿಯ ಕಾರು ತಂದರು, ಸಾಲದಲ್ಲಿ. ನಾವೆಲ್ಲ ಆ ಕಾರಿನ ಏಸಿಯಲ್ಲಿ ಕೂರಲು ಜಗಳ ಆಡುತ್ತಿದ್ದೆವು. 2001, 2002ರ ಹೊತ್ತಿಗೆ ಕಾಫಿ ಬೆಲೆ ಪಾತಾಳಕ್ಕೆ ಹೋಗಿತ್ತು, ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ. ಕಾರು ಶೆಡ್ಡಿನಲ್ಲಿ ನಿಂತಿತು. ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟದ್ದನ್ನು ನಾನೇ ನೋಡಿದ್ದೇನೆ. ದೊಡ್ಡಪ್ಪ ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಜೀಪಿಗೆ ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಮಾಡಿಸುತ್ತಾ ಬಂದಿದ್ದೇವೆ. ಪ್ರತಿ ಸಲವೂ ಇದೇ ಕೊನೆ ಅಂದುಕೊಳ್ಳುತ್ತೇನೆ.

ಹಾಗಂತ ಆ ಗಾಡಿ ಯಾರೂ ತೆಗೆದುಕೊಳ್ಳಬಾರದು ಅಂತ ನಾನು ಹೇಳುತ್ತಿಲ್ಲ. ನೂರು ಎಕರೆ ಇದ್ದವರು, ಕೈಯಲ್ಲಿ ಇಡೀ ದುಡ್ಡು ಇದ್ದವರು, ಹೇಗೂ ಅಷ್ಟೇ ಬೆಲೆಯ ದೊಡ್ಡ ಕಾರು ತೆಗೆದುಕೊಳ್ಳುವವರು ಧಾರಾಳವಾಗಿ ತೆಗೆದುಕೊಳ್ಳಲಿ. ಆಸೆಪಟ್ಟು ತಂದೆ ಅಂತ ಹೇಳಿ ತಂದರೆ ನನಗೆ ತುಂಬಾ ಗೌರವ. ಹತ್ತು ಹನ್ನೆರಡು ಎಕರೆಯವರು "ತೋಟಕ್ಕೆ ಬೇಕು" ಅಂತ ಬ್ಯಾಂಕಿಗೆ ಹೋಗುತ್ತೇವಲ್ಲ, ನನ್ನ ತಕರಾರು ಅದಕ್ಕೆ ಮಾತ್ರ. ತೋಟ ಹಾಗೆ ಕೇಳಿರುವುದಿಲ್ಲ.

ಬುಕಿಂಗ್ ದುಡ್ಡು ಮೂರು ವಾರ ಅಲೆಸಿ ಕೊನೆಗೆ ವಾಪಸ್ ಕೊಟ್ಟರು. ಜೀಪಿಗೆ ನಾಲ್ಕು ಹೊಸ ಟಯರ್, ಹೊಸ ಹುಡ್ ಹಾಕಿಸಿದೆ. ಕೂಡಿಟ್ಟ ಹತ್ತು ಲಕ್ಷದಲ್ಲಿ ಕಣ ಇನ್ನಷ್ಟು ದೊಡ್ಡದು ಮಾಡಿಸುತ್ತಿದ್ದೇನೆ, ಹೋದ ವರ್ಷ ಜಾಗ ಸಾಲದೆ ಚೆರಿ ರಾಶಿಯಲ್ಲೇ ಬೂಷ್ಟು ಹಿಡಿದಿತ್ತು. ಮಗ ಮಾತ್ರ ಇನ್ನೂ ಮೊಬೈಲ್ ಪರದೆ ಮೇಲೆ ಆ ಬಿಳಿ ಗಾಡಿಯ ಫೋಟೋ ಇಟ್ಟುಕೊಂಡಿದ್ದಾನೆ. ತೆಗೆಯೋ ಅಂತ ನಾನೂ ಹೇಳಿಲ್ಲ.

ಅಂದಹಾಗೆ, ಯಾರ ಹತ್ತಿರವಾದರೂ ಒಳ್ಳೆ ಕಂಡೀಶನ್ನಿನ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಇದ್ದರೆ ಮೆಸೇಜ್ ಮಾಡಿ. ಮಳೆಗಾಲವೆಲ್ಲ ಹೊರಗೆ ನಿಂತು ತೊಟ್ಟಿ ತುಕ್ಕು ಹಿಡಿದದ್ದು ಬೇಡ. ಗೀರು ಎಷ್ಟಿದ್ದರೂ ಪರವಾಗಿಲ್ಲ.