ಬಿಳಿ ಮಗು ಹುಟ್ಟಿದರೆ ತಾಯಿಯನ್ನೇ ಯಾಕೆ ನೋಡುತ್ತೀರಿ?

ಅಲ್ಬಿನಿಸಂ ಅಂದರೆ ಹುಟ್ಟಿನಿಂದಲೇ ಮೈಗೆ ಬಣ್ಣ ಇಲ್ಲದಿರುವುದು ಅಥವಾ ತೀರಾ ಕಡಿಮೆ ಇರುವುದು. ಅದು ಇರುವ ಮಗುವಿನ ಅಪ್ಪ ಅಮ್ಮ ಸಾಮಾನ್ಯವಾಗಿ ಊರಿನ ಎಲ್ಲರ ಬಣ್ಣದವರೇ. ಮಗು ಮಾತ್ರ ಅಚ್ಚ ಬಿಳುಪು, ಕೂದಲು ಹೊಂಬಣ್ಣ. ರಗಳೆ ಶುರುವಾಗುವುದೇ ಇಲ್ಲಿಂದ. ನಾನಿರುವ ಟಾಂಜಾನಿಯಾದಲ್ಲಿ "ಇದು ನನ್ನ ಮಗು ಅಲ್ಲ" ಎಂದು ಗಂಡ ಮನೆ ಬಿಟ್ಟು ಹೋಗುವುದುಂಟು. ನಮ್ಮ ದಾವಣಗೆರೆ ಕಡೆ ಗಂಡ ಸುಮ್ಮನಿರುತ್ತಾನೆ, ಅತ್ತೆ ಕೇಳುತ್ತಾರೆ: "ಗ್ರಹಣದ ದಿನ ಹೊರಗೆ ಹೋಗಿದ್ಯೇನೇ?" ಬಸಿರಿನಲ್ಲಿ ಮಗು ಬೆಳ್ಳಗಾಗಲಿ ಅಂತ ಕೇಸರಿ ಹಾಲು ಕುಡಿಸಿದವರೂ ಅವರೇ, ಇರಲಿ.

ಅಸಲು ವಿಷಯ ಇಷ್ಟು. ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀನ್‌ಗಳ ಎರಡೆರಡು ಪ್ರತಿ ನಮ್ಮಲ್ಲಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಹಾಗಾಗಿ ಅಂಥವರಿಗೆ ತಮ್ಮಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಗುವಿಗೆ ಅಲ್ಬಿನಿಸಂ. ಒಂದೇ ಜೀನಿನ ಕೆಟ್ಟ ಪ್ರತಿ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಬಸಿರಿಗೂ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ. ಕಣ್ಣಿಗೆ ಮಾತ್ರ ತಟ್ಟುವ ಅಪರೂಪದ ಒಂದು ಬಗೆ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ, ನಿಜ. ಆದರೆ ಅದರಲ್ಲಿ ಮಗು ಹೀಗೆ ಬೆಳ್ಳಗೆ ಹುಟ್ಟುವುದಿಲ್ಲ.

ಇದು ಹುಟ್ಟಿನಿಂದಲೇ ಬರುವ, ಮನೆತನದಲ್ಲಿ ಇಳಿದು ಬರುವ ವ್ಯತ್ಯಾಸ ಎಂದು ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯರು 1908ರಲ್ಲೇ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟಿದ್ದರು. ನಮಗೆ ಹಿಡಿದ ಗ್ರಹಣ ಮಾತ್ರ ಇನ್ನೂ ಬಿಟ್ಟಿಲ್ಲ.

ಟಾಂಜಾನಿಯಾದಲ್ಲಿ ಸುಮಾರು 1,400 ಜನಕ್ಕೆ ಒಬ್ಬರಿಗೆ ಅಲ್ಬಿನಿಸಂ ಇದೆ ಅನ್ನುವುದು ಅಂದಾಜು. ಯುರೋಪು, ಅಮೆರಿಕದಲ್ಲಿ ಇದು ಸುಮಾರು 17,000ದಿಂದ 20,000ಕ್ಕೆ ಒಬ್ಬರು. ಇಲ್ಲಿಯ ಸುದ್ದಿ ಊರಿಗೆ ಮುಟ್ಟುವುದು ಒಂದೇ ರೂಪದಲ್ಲಿ: ವಿಕ್ಟೋರಿಯಾ ಸರೋವರದ ಸುತ್ತ, ಮ್ವಾಂಜಾ, ಶಿನ್ಯಾಂಗ ಕಡೆ, ಮಾಟಮಂತ್ರಕ್ಕೆ ಅಂತ ಇವರ ಕೈಕಾಲು ಕತ್ತರಿಸಿದ್ದು, ಕೊಂದದ್ದು. ಸುಳ್ಳಲ್ಲ. 2007ರ ನಂತರ ಸರಣಿಯಾಗಿ ನಡೆಯಿತು. ಅದನ್ನು ಓದಿ "ಅಯ್ಯೋ, ಎಂಥಾ ಜನ!" ಅಂತ ಫೋನ್ ಮಾಡುವ ನೆಂಟರು ನನಗಿದ್ದಾರೆ.

ಆದರೆ ಆಮೇಲೆ ಆದದ್ದನ್ನು ಯಾರೂ ಕೇಳುವುದಿಲ್ಲ. 2008ರಲ್ಲಿ ಅಲ್ಬಿನಿಸಂ ಇರುವ ಅಲ್-ಶೈಮಾ ಕ್ವೇಗೀರ್ ಅವರನ್ನು ಅಧ್ಯಕ್ಷ ಕಿಕ್ವೆಟೆ ಸಂಸತ್ತಿಗೆ ನೇಮಿಸಿದರು. 2010ರಲ್ಲಿ, ಅವರಂತೆಯೇ ಅಲ್ಬಿನಿಸಂ ಇರುವ ಸಲೂಂ ಬರ್ವಾನಿ ಲಿಂಡಿಯಿಂದ ಜನರ ಓಟಿನಿಂದಲೇ ಗೆದ್ದರು. 2012ರ ಜನಗಣತಿಯಲ್ಲಿ ಅಲ್ಬಿನಿಸಂ ಇರುವವರನ್ನು ಬೇರೆಯಾಗಿ ಎಣಿಸಿದರು. ಕಿಲಿಮಂಜಾರೋ ಬುಡದ ಮೋಶಿಯಲ್ಲಿ, ಕೆಸಿಎಂಸಿ ಆಸ್ಪತ್ರೆಯಲ್ಲಿ, 'ಕಿಲಿಸನ್' ಅನ್ನುವ ಸನ್‌ಸ್ಕ್ರೀನ್ ತಯಾರಿಸಿ ಇವರಿಗೆ ಪುಕ್ಕಟೆ ಹಂಚುತ್ತಾರೆ. ಈ ಬಿಸಿಲಿಗೆ ಇವರನ್ನು ಜಾಸ್ತಿ ಕೊಲ್ಲುವುದು ಮಾಟಗಾರರಲ್ಲ, ಚರ್ಮದ ಕ್ಯಾನ್ಸರ್. ಎಲ್ಲ ಸರಿಹೋಗಿದೆ ಅಂತಲ್ಲ. ಶಿನ್ಯಾಂಗದ ಬುಹಂಗಿಜಾದಲ್ಲಿ ಮಕ್ಕಳನ್ನು ಕಾಪಾಡಲು ಅಂತ ತಂದಿಟ್ಟು, ಅಪ್ಪ ಅಮ್ಮನಿಂದಲೇ ದೂರ ಮಾಡಿದರು. ಅದು ನನಗೆ ಸರಿ ಕಾಣುವುದಿಲ್ಲ. ಆದರೂ ವಿಷಯ ಬೀದಿಯಲ್ಲಿದೆ, ಮಾತಾಡುತ್ತಾರೆ.

ನಾವು ಕೊಲ್ಲುವುದಿಲ್ಲ, ಬಚ್ಚಿಡುತ್ತೇವೆ. ನಮ್ಮ ನೆಂಟರಲ್ಲೊಬ್ಬ ಹುಡುಗನಿದ್ದಾನೆ. ಮದುವೆ, ಜಾತ್ರೆಗೆ ಅವನನ್ನು ಕರೆತರುವುದಿಲ್ಲ. ತೊನ್ನು ಅಂದುಕೊಂಡು ತಟ್ಟೆ ಬೇರೆ ಇಟ್ಟವರೂ ಉಂಟು. ತೊನ್ನಿನಲ್ಲಿ ಇದ್ದ ಬಣ್ಣ ಆಮೇಲೆ ಹೋಗುತ್ತದೆ, ಇದರಲ್ಲಿ ಹುಟ್ಟುವಾಗಲೇ ಇರುವುದಿಲ್ಲ. ಎರಡೂ ಅಂಟುವುದಿಲ್ಲ. ಶಾಲೆಯಲ್ಲಿ ಎತ್ತರ ಇದ್ದಾನೆ ಅಂತ ಹಿಂದಿನ ಬೆಂಚು. ಬೋರ್ಡು ಕಾಣದು. ಮೆಲನಿನ್ ಕಡಿಮೆಯಾದರೆ ಕಣ್ಣಿನ ಒಳಪರದೆಯ ನಡುಭಾಗ ಪೂರ್ತಿ ಬೆಳೆಯುವುದಿಲ್ಲ, ಹಾಗಾಗಿ ಕನ್ನಡಕ ಹಾಕಿದರೂ ದೃಷ್ಟಿ ಪೂರಾ ಬರುವುದಿಲ್ಲ. ಗುಡ್ಡೆ ತನ್ನಷ್ಟಕ್ಕೆ ಅಲುಗುತ್ತಿರುತ್ತದೆ. ತಲೆ ಒಂದು ಕಡೆ ವಾಲಿಸಿದರೆ ಅಲುಗಾಟ ಕಡಿಮೆಯಾಗಿ ಸ್ವಲ್ಪ ಚೆನ್ನಾಗಿ ಕಾಣುತ್ತದೆ. ಅದಕ್ಕೇ ವಾಲಿಸುತ್ತಾನೆ. ಮೇಷ್ಟ್ರು "ನೆಟ್ಟಗೆ ಕೂತ್ಕೋ" ಅಂತ ಗದರಿಸುತ್ತಾರೆ. ಮುಂದಿನ ಬೆಂಚು, ದೊಡ್ಡ ಅಕ್ಷರದ ಪುಸ್ತಕ, ಅಗಲ ಅಂಚಿನ ಟೋಪಿ, ಪೂರ್ತಿ ತೋಳಿನ ಅಂಗಿ. ಇವಿಷ್ಟಕ್ಕೆ ಖರ್ಚೇ ಇಲ್ಲ ಅನ್ನಬಹುದು. ಖರ್ಚು ಇರುವುದು ಸನ್‌ಸ್ಕ್ರೀನಿಗೆ. ನಮ್ಮಲ್ಲಿ ಅದು ಇನ್ನೂ ಶೋಕಿ ಸಾಮಾನು.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅಲ್ಬಿನಿಸಂ ಹೆಸರಿಲ್ಲ. ಮಂದದೃಷ್ಟಿ ಅಂತ ಅರ್ಜಿ ಹಾಕಬೇಕು, ಮೀಸಲಾತಿ ಸಿಗಬೇಕಾದರೆ ವೈಕಲ್ಯ ಕನಿಷ್ಠ ಶೇ 40 ಇರಬೇಕು. ಹಾಕಬಹುದು ಅಂತ ಆ ಮನೆಯವರಿಗೆ ಯಾರೂ ಹೇಳಿರಲಿಲ್ಲ.

ಈಗ ಆ ಹುಡುಗನ ಅಕ್ಕನಿಗೆ ಗಂಡು ನೋಡುತ್ತಿದ್ದಾರೆ. "ಹೊರಗಿನವರು ತಮ್ಮನನ್ನು ನೋಡಿದರೆ ಒಪ್ಪಲ್ಲ, ಸೋದರಮಾವನಿಗೇ ಕೊಟ್ಟುಬಿಡೋಣ, ವಿಷಯ ಮನೆಯಲ್ಲೇ ಇರುತ್ತೆ" ಅನ್ನುವುದು ಹಿರಿಯರ ಯೋಚನೆ. ತಮ್ಮನಿಗೆ ಬಂದಿದೆ ಅಂದಮೇಲೆ ಇವಳಲ್ಲಿ ಆ ಕೆಟ್ಟ ಪ್ರತಿ ಒಂದು ಇರುವ ಸಾಧ್ಯತೆ ಮೂರರಲ್ಲಿ ಎರಡು. ತಾಯಿಯಲ್ಲಂತೂ ಇದ್ದೇ ಇದೆ, ಆದ್ದರಿಂದ ತಾಯಿಯ ತಮ್ಮನಲ್ಲಿ ಇರುವ ಸಾಧ್ಯತೆ ಅರ್ಧದಷ್ಟು. ಮೇಲೆ ಹೇಳಿದ ನಾಲ್ಕರಲ್ಲಿ ಒಂದನ್ನೂ ಸೇರಿಸಿ ಗುಣಿಸಿದರೆ ಪ್ರತಿ ಬಸಿರಿಗೂ 12ರಲ್ಲಿ 1. ಸಂಬಂಧವಿಲ್ಲದ ಹುಡುಗನಾದರೆ ನೂರರಲ್ಲಿ ಒಂದಕ್ಕಿಂತಲೂ ಎಷ್ಟೋ ಕಡಿಮೆ. ಅಂಥ ಮಗು ಹುಟ್ಟಲೇಬಾರದು ಅಂತಲ್ಲ ನನ್ನ ಮಾತು, ಹುಡುಗ ಚೆನ್ನಾಗಿಯೇ ಇದ್ದಾನೆ. ಆದರೆ ಯಾವುದಕ್ಕೆ ಹೆದರಿ ಮನೆಯೊಳಗೆ ಮದುವೆ ಮಾಡುತ್ತಿದ್ದಾರೋ, ಆ ಮದುವೆಯೇ ಅದರ ಸಾಧ್ಯತೆ ಹೆಚ್ಚಿಸುತ್ತದೆ ಅಲ್ವಾ? ಬೆಂಗಳೂರು, ಮಣಿಪಾಲದಲ್ಲಿ ಜೆನೆಟಿಕ್ಸ್ ವಿಭಾಗಗಳಿವೆ. ಲಗ್ನಪತ್ರಿಕೆಗೆ ಮೊದಲು ಅಲ್ಲಿ ಒಂದು ಸಲ ಹೋಗಿ ಬನ್ನಿ ಅಂತ ಫೋನಿನಲ್ಲಿ ಹೇಳಿದ್ದೇನೆ. "ಜಾತಕ ಕೂಡಿದೆಯಲ್ಲಪ್ಪ" ಅಂದರು.