ನೊಣಕ್ಕೆ ಎಷ್ಟು ಗುಂಟೆ?

ಊರಿನ ನೂರು ದನಕ್ಕೆ 30 ಎಕರೆ ಗೋಮಾಳ ಬಿಡಬೇಕು ಅಂತ 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿದೆ, 97ನೇ ನಿಯಮ. ಒಳ್ಳೆಯ ಲೆಕ್ಕ. ನೂರು ನೊಣಕ್ಕೆ ಎಷ್ಟು ಅಂತ ಮಾತ್ರ ಯಾರೂ ಬರೆದಿಲ್ಲ.

ಬರೆಯಬೇಕಿತ್ತು. ಏಕೆಂದರೆ ಶಿಡ್ಲಘಟ್ಟದ ಕಡೆಯ ಒಂದು ಗೋಮಾಳದಿಂದ ನೊಣವೊಂದು ಅರ್ಜಿ ಹಿಡಿದು ಕಚೇರಿಗೆ ಹೊರಟಿದೆ ಎಂದು ಇಟ್ಟುಕೊಳ್ಳಿ. ಬಾಂಬಿಲಿಡೆ ಕುಟುಂಬದ್ದು. ಮೈತುಂಬ ಕೂದಲು, ಮುಂದೆ ಸೂಜಿಯಂಥ ಸೊಂಡಿಲು, ನೋಡಿದರೆ ಜೇನು ಅನ್ನಬೇಕು.

ಕೇಸ್ ವರ್ಕರ್ ತಲೆ ಎತ್ತಿ ನೋಡಿದವರೇ ಫೈಲು ಎತ್ತಿ ಹೊಡೆಯಲು ಹೋದರು. ಅವರ ತಪ್ಪಲ್ಲ. ಅವರ ಮನೆಯಲ್ಲೂ ಹುಳ ಮೇಯಿಸುತ್ತಾರೆ. 1980ರಲ್ಲಿ ಬಂಗಾಳದ ಬಿತ್ತನೆ ಗೂಡಿನ ಜೊತೆ ರಾಜ್ಯಕ್ಕೆ ಬಂದಿಳಿದ ಊಜಿ ನೊಣ, ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಗೂಡು ತೂತು ಮಾಡುತ್ತದೆ. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲು ಆಗಲ್ಲ. ಹಾಗಾಗಿ ಊಜಿಗೆ ಬಲೆ ಇದೆ, ಔಷಧಿ ಇದೆ, ಅದನ್ನೇ ತಿನ್ನುವ ಕಣಜ ಸಾಕಿ ಬಿಡುವವರೂ ಇದ್ದಾರೆ. ಇಲ್ಲಿ ಸರ್ಕಾರದ ಕಣ್ಣಿಗೆ ಬೀಳಬೇಕಾದರೆ ಮೊದಲು ನಷ್ಟ ಮಾಡಿ ತೋರಿಸಬೇಕು.

"ನಾನು ಊಜಿ ಅಲ್ಲ ಸಾರ್. ಅವರು ದೂರದ ನೆಂಟರು."

"ಮತ್ತೆ ನಿನ್ನ ಕಸುಬೇನು?"

ನೊಣ ಹೇಳಿತು. ಹೊಟ್ಟೆಯ ತುದಿಯಲ್ಲಿ ಒಂದಿಷ್ಟು ಮಣ್ಣಿನ ಪುಡಿ ತುಂಬಿಕೊಳ್ಳೋದು. ಮೊಟ್ಟೆಗೆ ಅದನ್ನು ಮೆತ್ತಿ, ಹಾರುತ್ತಲೇ, ಗುಂಪು ಕಟ್ಟದೆ ನೆಲದಲ್ಲಿ ಬಿಲ ತೋಡಿ ಬದುಕುವ ಒಂಟಿ ಜೇನಿನ ಬಿಲದ ಬಾಯಿಗೆ ಎಸೆಯೋದು. ಮರಿ ಒಳಗೆ ಹೋಗಿ ಜೇನಿನ ಮರಿಯನ್ನು ತಿಂದು ಬೆಳೆಯುತ್ತದೆ.

"ಅಂದ್ರೆ ಇನ್ನೊಬ್ಬರ ಜಾಗಕ್ಕೆ ನುಗ್ಗಿ, ಅವರದ್ದು ತಿಂದು ದೊಡ್ಡವರಾಗೋದು?"

"ಹೂಂ ಸಾರ್."

ಅವರು ಮೊದಲ ಸಲ ಕುರ್ಚಿ ತೋರಿಸಿದರು.

ನೊಣದ ಬೇಡಿಕೆ ದೊಡ್ಡದೇನಲ್ಲ. ಗಿಡ್ಡ ಹುಲ್ಲು, ನಡುನಡುವೆ ಹೂವು, ಅಲ್ಲಲ್ಲಿ ಜೇನು ಬಿಲ ತೋಡಲು ಬರಿ ನೆಲ. ಕಷ್ಟ ಏನೆಂದರೆ ನಮ್ಮವರಿಗೆ ಬರಿ ನೆಲ ಕಂಡರೆ ಕೈ ಸುಮ್ನಿರಲ್ಲ. ಪಹಣಿಯಲ್ಲಿ ಖರಾಬು ಎಂದು ಬರೆಯುತ್ತಾರೆ. ಜೂನ್ 5 ಬಂತೆಂದರೆ ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ಹೊಡೆಸಿಕೊಳ್ಳುತ್ತಾರೆ. ಹಿಂದೆ ಈ ಭಾಗದಲ್ಲಿ ನೀಲಗಿರಿ ನೆಟ್ಟು ನೆಟ್ಟು, ಕೊನೆಗೆ 2017ರಲ್ಲಿ ಸರ್ಕಾರವೇ ಸಾಕು ಅಂದಿತು. ಗುಂಡಿ ತೋಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಮರ ಇಲ್ಲದ ಜಾಗಕ್ಕೂ ಒಂದು ಬಾಳಿದೆ ಅಂದರೆ ಪರಿಸರ ದ್ರೋಹಿ ಅನ್ನಿಸಿಕೊಳ್ಳುತ್ತೀರಿ.

ಇಂಗ್ಲೆಂಡ್, ವೇಲ್ಸಿನವರು 1930ರ ದಶಕದಿಂದ ಅರ್ಧ ಶತಮಾನದಲ್ಲಿ ಹೂವಿನ ಹುಲ್ಲುಗಾವಲಿನ ನೂರರಲ್ಲಿ 97 ಪಾಲು ಕಳೆದುಕೊಂಡರು. ಈಗ ಅಲ್ಲಿ ಇದೇ ಕುಟುಂಬದ ಬಾಂಬಿಲಿಯಸ್ ಮೈನರ್ ಎಂಬ ಸಣ್ಣ ನೊಣವನ್ನು ಉಳಿಸಲೇಬೇಕಾದ ಜೀವಿಗಳ ಪಟ್ಟಿಗೆ ಹಾಕಿ ಹುಡುಕುತ್ತಾ ಓಡಾಡುತ್ತಾರೆ. ಪಾಪ, ಟ್ರ್ಯಾಕ್ಟರು ಗೊಬ್ಬರ ಅಂತ ಎಷ್ಟೆಲ್ಲ ಖರ್ಚು ಮಾಡಿಕೊಂಡರು. ನಮಗೆ ಒಂದು ಬಾಲ್ ಪೆನ್ ಸಾಕು.

"ಜಾನುವಾರು ಗಣತಿಯಲ್ಲಿ ನಿನ್ನ ಹೆಸರಿದೆಯಾ?"

"ಇಲ್ಲ ಸಾರ್."

"ಅಲ್ಲೇ ಬಿತ್ತಲ್ಲ ನಿನ್ನ ಕೇಸು."

ಊರಲ್ಲಿ ದನ ಕಡಿಮೆಯಾಗಿದೆ. ನೂರಕ್ಕೆ 30 ಎಕರೆಯ ಲೆಕ್ಕದಲ್ಲಿ ದನ ಕಡಿಮೆಯಾದಷ್ಟೂ 'ಹೆಚ್ಚುವರಿ ಗೋಮಾಳ' ಜಾಸ್ತಿಯಾಗುತ್ತದೆ. ಅದಕ್ಕೆ ಕಾದಿರುವವರ ಸಾಲು ಕಚೇರಿಯ ಮೆಟ್ಟಿಲು ಇಳಿದು ಟೀ ಅಂಗಡಿ ದಾಟಿದೆ. ಆ ಸಾಲಿನಲ್ಲಿ ನೊಣ ಎಲ್ಲಿ ನಿಲ್ಲಬೇಕು?

ನೊಣ ಧೈರ್ಯ ಮಾಡಿ ಪಕ್ಕದ ಜಿಲ್ಲೆಯ ಉದಾಹರಣೆ ಕೊಟ್ಟಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಮಾಡಿದರಲ್ಲ ಸಾರ್, ಅದೂ ಹುಲ್ಲೇ ಅಲ್ವಾ?

"ಅದು ಕೃಷ್ಣಮೃಗ ಕಣಮ್ಮ. ನಿನಗೇನು ಕೊಂಬಿದೆಯಾ?"

ಇರಲಿಲ್ಲ.

ಹಿಂಬರಹ ಬಂತು: 'ಅರ್ಜಿದಾರರು ದನವಲ್ಲದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.' ನೊಣ ಮೇಲ್ಮನವಿ ಹಾಕಿತು. ಮುಂದಿನ ತಾರೀಕು ಯುಗಾದಿ ಆದಮೇಲೆ ಸಿಕ್ಕಿತು. ರೆಕ್ಕೆ ಬಂದ ನೊಣದ ಆಯಸ್ಸು ಕೆಲವೇ ವಾರ. ತಾರೀಕಿನ ದಿನ ಮಗಳು ಬಂದು ನಿಂತಳು.

"ಪೌತಿ ಆಗಿದೆ ಅಂತೀಯ. ಸರಿ, ವಂಶವೃಕ್ಷ ತಂದಿದೀಯಾ?"